ಸೆರಗಿನ ಬಣ್ಣದ ಜೋಳಿಗೆ

ನನ್ನ ಎಡಗೈ ಮೊಣಕೈ ಹತ್ತಿರ ಸರಿಯಾಗಿ ಮಡಿಚುವುದಿಲ್ಲ. ಜಗಳೂರಿನಲ್ಲಿ ಆರೇಳು ವರ್ಷದವಳಿದ್ದಾಗ ಹುಣಸೆ ಮರದಿಂದ ಬಿದ್ದೆ. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಬೆರಳುಗಳು ಆಡುತ್ತವೆ, ತುಂಬಿದ ತಂಬಿಗೆಯನ್ನು ಆ ಕೈಯಲ್ಲಿ ಎತ್ತಿದರೆ ಮಾತ್ರ ಅರ್ಧ ನೀರು ನೆಲಕ್ಕೆ ಹೋಗುತ್ತದೆ. ಸೀರೆ ಉಡಲು ಶುರು ಮಾಡಿದ ಮೇಲೆ, ಸೆರಗನ್ನು ಎಡಭುಜದಿಂದ ಇಳಿಸಿ ಕೈಗೆ ಸುತ್ತಿ ತುದಿಯನ್ನು ಸೊಂಟಕ್ಕೆ ಸಿಕ್ಕಿಸುವುದನ್ನು ಅವ್ವ ಕಲಿಸಿದಳು. ಅದೇ ರೂಢಿಯಾಯಿತು. ಬಚ್ಚಲುಮನೆಯಲ್ಲಿ ಒಬ್ಬಳೇ ಇದ್ದಾಗಲೂ ಆ ಕೈಯನ್ನು ನಾನು ನೋಡುತ್ತಿರಲಿಲ್ಲ.

ಮದುವೆಯ ಮಾತಿನಲ್ಲಿ ಏನನ್ನೂ ಮುಚ್ಚಿಡಲಿಲ್ಲ. ನೋಡಲು ಬಂದ ದಿನ ಅಪ್ಪನೇ ಎಲ್ಲ ಹೇಳಿದ. ಹುಡುಗನದು ಹೊನ್ನಾಳಿ ಪೇಟೆಯಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ. ತಂದೆ ತೀರಿಹೋಗಿ, ಮನೆಯಲ್ಲಿ ತಾಯಿಯೊಬ್ಬರೇ ಇದ್ದರು. ಅವನು ನನ್ನ ಕಡೆ ನೋಡದೆ ಅಪ್ಪನಿಗೆ, "ಅಂಗಡ್ಯಾಗೆ ಬಟ್ಟೆ ಹರಿಯಾಕೆ ನನ್ನ ಕೈ ಅದಾವಲ್ಲ, ಸಾಕು ಬಿಡ್ರಿ" ಅಂದ. ಅವನ ತಾಯಿಯೂ ಒಪ್ಪಿದರು. ಒಂದೇ ಒಂದು ಮಾತು ಕೇಳಿದರು: ಧಾರೆಯ ಹೊತ್ತಿಗೆ ಹುಡುಗಿಗೆ ಶಾಲು ಹೊದಿಸಿರಬೇಕು, ನಮ್ಮ ನೆಂಟರ ಮುಂದೆ ಕೈ ಹೊರಗೆ ತೆಗೆಯಬಾರದು. ಅದರಲ್ಲಿ ನನಗೆ ಬೇಸರವೇನೂ ಅನಿಸಲಿಲ್ಲ. ಅವರು ಹೇಳದಿದ್ದರೂ ನಾನು ಹಾಗೆಯೇ ಮಾಡುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಮಗಳು ಹುಟ್ಟಿದಳು. ಬಾಣಂತನ ಜಗಳೂರಿನಲ್ಲಿ. ಅಲ್ಲಿ ಅವ್ವ, ಚಿಕ್ಕಮ್ಮ, ಅಕ್ಕಪಕ್ಕದವರು ಎಂದು ಕೂಸನ್ನು ಎತ್ತಿಕೊಳ್ಳುವ ಕೈಗಳು ಬೇಕಾದಷ್ಟಿದ್ದವು. ಹಾಲು ಕುಡಿಸುವಾಗ ಮಾತ್ರ ನನ್ನ ತೊಡೆಯ ಮೇಲೆ ಮಲಗಿಸುತ್ತಿದ್ದರು. ಐದು ತಿಂಗಳಾದ ಮೇಲೆ ಹೊನ್ನಾಳಿಗೆ ಬಂದಾಗ ನನ್ನ ಕಷ್ಟ ನನಗೆ ಗೊತ್ತಾಯಿತು. ಮಗಳು ದುಂಡಗೆ ಬೆಳೆದಿದ್ದಳು. ಬಲಗೈಯಲ್ಲಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡರೆ ಒಲೆಯ ಮೇಲಿನ ಪಾತ್ರೆ ಇಳಿಸಲು ಕೈಯಿಲ್ಲ. ಬಾಗಿಲ ಅಗಳಿ ತೆಗೆಯಲು ಕೈಯಿಲ್ಲ. ಕೆಳಗಿಟ್ಟರೆ ಬೀದಿಗೆ ಕೇಳುವಂತೆ ಅಳುತ್ತಿದ್ದಳು.

ಹೊಳೆದಂಡೆಗೆ ಬಟ್ಟೆ ಒಗೆಯಲು, ಗದ್ದೆಗೆ ಕಳೆ ಕೀಳಲು ಹೋಗುವ ಹೆಂಗಸರು ಕೂಸನ್ನು ಹಳೇ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೋಗುವುದನ್ನು ದಿನಾ ನೋಡುತ್ತಿದ್ದೆ. ಹಾಗೆ ಕಟ್ಟಿಕೊಳ್ಳಲು ಎರಡು ಕೈ ಬೇಕು. ಅದಕ್ಕಿಂತ ಹೆಚ್ಚಾಗಿ, ಕಟ್ಟಿಕೊಂಡರೆ ಜನ ನೋಡುತ್ತಾರೆ. ಆದರೂ ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದಾಗ, ಅಡಿಗೆಮನೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು ಪ್ರಯತ್ನಕ್ಕೆ ಕೂತೆ.

ಮೊದಲು ತೆಗೆದುಕೊಂಡಿದ್ದು ನನ್ನ ನೈಲೆಕ್ಸ್ ಸೀರೆ. ಅದು ಆಗಿನ ಕಾಲದ ಶೋಕಿ. ಒಗೆದರೆ ಗಳಿಗೆಯಲ್ಲಿ ಒಣಗುತ್ತಿತ್ತು. ತುದಿಗಳನ್ನು ಹಲ್ಲಿನಿಂದ ಕಚ್ಚಿ ಎಳೆದು ಗಂಟು ಹಾಕಿದೆ. ಕೂಸನ್ನು ಒಳಗಿಟ್ಟು ಎದ್ದು ನಿಂತೆ. ಗಂಟು ಹಾವಿನ ಹಾಗೆ ಜಾರಿತು. ಮಗಳು ನನ್ನ ತೊಡೆಯವರೆಗೆ ಇಳಿದಳು. ಗಾಬರಿಯಲ್ಲಿ ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಅವಳಿಗೆ ಏನೂ ಆಗಲಿಲ್ಲ, ಅದೊಂದು ಆಟವೆಂದು ತಿಳಿದು ನಕ್ಕಳು. 

ಸಂಜೆ ಗಂಡನಿಗೆ ಹೇಳಿದೆ. ಬಟ್ಟೆ ಅಂಗಡಿಯವನಿಗೆ ಅದೊಂದು ಸವಾಲಾಗಿ ಕಂಡಿತು. ಮರುದಿನದಿಂದ ಊಟಕ್ಕೆ ಬರುವಾಗ ಕಂಕುಳಲ್ಲಿ ಒಂದೊಂದು ತುಂಡು ಇಟ್ಟುಕೊಂಡು ಬರತೊಡಗಿದ. ಪಾಪ್ಲಿನ್ ಗಟ್ಟಿಯಾಗಿತ್ತು, ಆದರೆ ಭಾರಕ್ಕೆ ಹಗ್ಗದಂತೆ ಸುರುಳಿಯಾಗಿ ಭುಜ ಕೊರೆಯುತ್ತಿತ್ತು. ಟೆರಿಕಾಟ್‌ನಲ್ಲಿ ಕೂಸಿಗೆ ಬೆವರು ಬಂದು ಕತ್ತಿನಲ್ಲಿ ಬೆವರುಸಾಲೆ ಎದ್ದಿತು. ಹೊಸ ಕೋರಾ ಬಟ್ಟೆಯ ಗಂಜಿ ಎರಡು ಸಲ ಒಗೆದರೂ ಹೋಗದೆ, ಎಳೆ ತೊಡೆಗಳು ಕೆಂಪಾದವು. ಕೊನೆಗೆ ಅವನು ಯಾವುದೋ ಪತ್ರಿಕೆಯಲ್ಲಿ ಪರದೇಶದ ಹೆಂಗಸಿನ ಚಿತ್ರ ನೋಡಿ, ಪಕ್ಕದ ಟೈಲರ್ ಹತ್ತಿರ ಕ್ಯಾನ್ವಾಸಿನಲ್ಲಿ ಒಂದು ಚೀಲ ಹೊಲಿಸಿದ. ಕಾಲು ಹೊರಗೆ ಬಿಡಲು ಎರಡು ತೂತು, ಶಾಲೆಯ ಬ್ಯಾಗಿನಂಥ ಪಟ್ಟಿ. ಮಗಳನ್ನು ಅದರೊಳಗೆ ಇಳಿಸಿದ ಕೂಡಲೇ ಮನೆ ಕಿತ್ತುಹೋಗುವ ಹಾಗೆ ಕಿರುಚಿದಳು. ಅತ್ತೆ ಆ ಚೀಲವನ್ನು ಈರುಳ್ಳಿ ತುಂಬಿಡಲು ತೆಗೆದುಕೊಂಡರು.

ಅತ್ತೆಗೆ ಇದೆಲ್ಲ ಮೊದಲಿನಿಂದಲೂ ಸರಿಬರಲಿಲ್ಲ.

"ಗೇಯಾಕೆ ಹೋಗೋರು ಕಟ್ಕಂತಾರೆ, ಅವರಿಗೆ ಬ್ಯಾರೆ ದಾರಿ ಇಲ್ಲ. ನೀನು ಎಲ್ಲಿಗವ್ವಾ ಹೋಗ್ಬೇಕು? ಜೋಳಿಗೆ ಹಾಕ್ಕಂಡು ಬೀದ್ಯಾಗೆ ನಿಂತ್ರೆ ನೋಡಿದೋರು ಏನಂದಾರು?"

"ಮನ್ಯಾಗೆ ಮಾತ್ರ ಹಾಕ್ಕಂತೀನಿ ಅತ್ತೇರೆ" ಎಂದೆ.

ಕೊನೆಗೆ ಸರಿಹೋದದ್ದು ಅವ್ವ ಕಳಿಸಿದ ಹಳೇ ನೂಲಿನ ಸೀರೆ. ನೂರಾರು ಸಲ ಒಗೆದು ಮೆತ್ತಗಾಗಿದ್ದ ಅದನ್ನು ಗಂಡ ಅಡ್ಡಲಾಗಿ ಎರಡು ಭಾಗ ಮಾಡಿ, ಒಂದನ್ನು ಉದ್ದಕ್ಕೆ ಮಡಿಸಿ, ತುದಿಗಳಿಗೆ ಮೊದಲೇ ಗಂಟು ಹಾಕಿ ದೊಡ್ಡದೊಂದು ಉಂಗುರದಂತೆ ಮಾಡಿದ. ಅವನು ಹಾಕಿದ ಗಂಟು ಜಾರುತ್ತಿರಲಿಲ್ಲ. ನಾನು ಮಂಚದ ಅಂಚಿಗೆ ಕೂತು, ಕೂಸನ್ನು ಅದರ ಮಡಿಕೆಯೊಳಗೆ ಮಲಗಿಸಿ, ಬಗ್ಗಿ ತಲೆ ತೂರಿಸಿ, ಬಲಗೈಯಿಂದ ಬಟ್ಟೆಯನ್ನು ಬಲಭುಜದ ಮೇಲೆ ಅಗಲಕ್ಕೆ ಹರಡಿಕೊಂಡು ಮೆಲ್ಲಗೆ ಏಳುತ್ತಿದ್ದೆ. ಮಗಳು ಎಡಸೊಂಟಕ್ಕೆ ಬಂದು ಕೂರುತ್ತಿದ್ದಳು. ಬಲಗೈ ಪೂರಾ ಬಿಡುವಾಗುತ್ತಿತ್ತು. ಮೊದಲ ದಿನ ಹಾಗೆಯೇ ನಿಂತು ರೊಟ್ಟಿ ಬೇಯಿಸಿದೆ. ಅವಳು ನನ್ನ ಎದೆಗೆ ಕೆನ್ನೆ ಒತ್ತಿಕೊಂಡು ನಿದ್ದೆ ಹೋದಳು. ಅವಳ ಭಾರ ಅಷ್ಟು ಹೊತ್ತು ನನ್ನ ಮೈಮೇಲೆ ಇದ್ದದ್ದು ಅದೇ ಮೊದಲು.

ಆದರೆ ಆ ಬಟ್ಟೆಯನ್ನು ನಾನು ಬಣ್ಣದ ಬೇಸಿನ್ನಿನಲ್ಲಿ ಅದ್ದಿದೆ. ನನ್ನ ಹತ್ತಿರ ದಿನಾ ಉಡುವ ಒಂದು ಕಂದು ಸೀರೆಯಿತ್ತು. ಜೋಳಿಗೆಯೂ ಅದೇ ಕಂದು ಬಣ್ಣಕ್ಕೆ ತಿರುಗಿದರೆ, ಮೇಲೆ ಸೆರಗು ಹೊದ್ದಾಗ ಎರಡೂ ಒಂದೇ ಆಗಿ, ನೋಡಿದವರಿಗೆ ಕೂಸನ್ನು ಸುಮ್ಮನೆ ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಿದ್ದೇನೆ ಅನಿಸುತ್ತದೆ ಎಂದು ನನ್ನ ಲೆಕ್ಕ. ಗಂಡ ನೋಡಿ, "ಒಳ್ಳೇ ಹಸಿರು ಅಂಚಿನ ಸೀರೆ ಹಾಳು ಮಾಡಿದ್ಯಲ್ಲ" ಅಂದ. ಯಾಕೆ ಎಂದು ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ನ್ಯಾಮತಿಯಲ್ಲಿ ನಾದಿನಿಯ ಮನೆ. ಅವಳ ಮಗನಿಗೆ ಜವಳ ತೆಗೆಸುವುದಿತ್ತು. ಅತ್ತೆ, ನಾನು, ಕೂಸು ಬಸ್ಸಿನಲ್ಲಿ ಹೊರಟೆವು. ಅತ್ತೆಯ ಎರಡೂ ಕೈಯಲ್ಲಿ ಚೀಲಗಳು. ಹಾಗಾಗಿ ಜೋಳಿಗೆಗೆ ಅವತ್ತು ಅವರು ಏನೂ ಅನ್ನಲಿಲ್ಲ. ನ್ಯಾಮತಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಗಳು ಹಸಿವಿಗೆ ಅಳುತ್ತಿದ್ದಳು. "ಇಲ್ಲೇ ಕುಂತು ಕುಡಿಸು, ನಾನು ಹಣ್ಣು ತರ್ತೀನಿ" ಎಂದು ಅತ್ತೆ ಚೀಲಗಳನ್ನು ತೆಗೆದುಕೊಂಡೇ ಅಂಗಡಿ ಸಾಲಿನ ಕಡೆ ಹೋದರು. ನಿಲ್ದಾಣದ ಗೋಡೆಯ ನೆರಳಿನಲ್ಲಿ ನೆಲದ ಮೇಲೆ ಕೂತು, ಗೋಡೆಗೆ ಬೆನ್ನು ಕೊಟ್ಟೆ. ಕೂಸಿನ ಮುಖ ಮುಚ್ಚಲು ಸೆರಗನ್ನು ಮುಂದಕ್ಕೆ ಎಳೆದುಕೊಂಡಿದ್ದರಿಂದ ಎಡಗೈ ಹೊರಗೆ ಬಿದ್ದಿತ್ತು. ಬಸ್ಸಿನ ಧೂಳು, ಬೆವರು, ಬಣ್ಣ ಅರ್ಧ ಬಿಟ್ಟುಕೊಂಡ ಆ ಕಂದು ಬಟ್ಟೆ. ನಾನು ಹೇಗೆ ಕಾಣುತ್ತಿದ್ದೇನೆಂದು ನನಗೆ ಹೊಳೆಯಲಿಲ್ಲ.

ಬಸ್ಸಿನಿಂದ ಇಳಿದ ಒಬ್ಬ ವಯಸ್ಸಾದ ಹೆಂಗಸು, ಹಣೆತುಂಬ ವಿಭೂತಿ, ಒಳ್ಳೆಯ ಇಳಕಲ್ ಸೀರೆ, ನನ್ನ ಮುಂದೆ ನಿಂತಳು. ಬಗ್ಗಿ ನನ್ನ ಎಡ ಅಂಗೈಯಲ್ಲಿ ನಾಲ್ಕಾಣೆ ಇಟ್ಟಳು.

"ಕೂಸಿಗೆ ಏನಾರ ಕೊಡ್ಸವ್ವ. ದೇವರು ಕೈ ಕಿತ್ಕಂಡ್ರೂ ಮಡಿಲು ತುಂಬ್ಯಾನೆ" ಎಂದು ಮರುಕದಿಂದ ಹೇಳಿ ನಡೆದುಬಿಟ್ಟಳು.

ಕೂಗಿ ಕರೆದು ವಾಪಸು ಕೊಡಬೇಕಿತ್ತು. 'ಅಮ್ಮಾ, ನಾವು ಬಟ್ಟೆ ಅಂಗಡಿಯವರು' ಅನ್ನಬೇಕಿತ್ತು.  ಅದರ ಬದಲು ಬೆರಳುಗಳು ನಾಣ್ಯದ ಮೇಲೆ ತಾವಾಗಿಯೇ ಮುಚ್ಚಿಕೊಂಡವು. ತಲೆ ಎತ್ತಿದಾಗ ಅತ್ತೆ ಎರಡು ಮಾರು ದೂರದಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ನಿಂತಿದ್ದರು. ಅವರು ಎಲ್ಲವನ್ನೂ ನೋಡಿದ್ದರು. ಅವರ ಮುಖ ನನ್ನ ಮುಖಕ್ಕಿಂತ ಕೆಂಪಾಗಿತ್ತು.

ಹತ್ತಿರ ಬಂದು ಒಂದೇ ಮಾತು ಹೇಳಿದರು. "ಬಿಚ್ಚು ಅದನ್ನ."

ಬಿಚ್ಚಿದೆ. ಕೂಸನ್ನು ಅವರೇ ಎತ್ತಿಕೊಂಡರು. ಚೀಲಗಳನ್ನು ನನ್ನ ಬಲಗೈಗೆ ಕೊಟ್ಟರು. ನಾದಿನಿಯ ಮನೆಯವರೆಗೂ ಅವರು ಮುಂದೆ, ನಾನು ಹಿಂದೆ. ಆ ನಾಲ್ಕಾಣೆಯನ್ನು ದಾರಿಯಲ್ಲಿದ್ದ ಗುಡಿಯ ಹುಂಡಿಗೆ ಹಾಕಿದೆ. ಹಾಕುವಾಗಲೂ ಯಾರಾದರೂ ನೋಡುತ್ತಾರೇನೋ ಎಂದು ಆಚೀಚೆ ನೋಡಿದೆ.

ಊರಿಗೆ ಬಂದ ಮೇಲೆ ಅತ್ತೆ ಗದರಲಿಲ್ಲ, ಆ ಮಾತನ್ನೇ ಎತ್ತಲಿಲ್ಲ. ಕೂಸನ್ನು ಮಾತ್ರ ತಾವೇ ಇಟ್ಟುಕೊಂಡರು. ಸ್ನಾನ ಅವರದು, ತೂಗುವುದು ಅವರದು, ಬೀದಿ ತೋರಿಸುವುದು ಅವರದು. ಹಾಲಿನ ಹೊತ್ತಿಗೆ ತಂದು ನನ್ನ ತೊಡೆಗೆ ಕೊಡುವರು, ಮುಗಿದ ಮೇಲೆ ತೆಗೆದುಕೊಂಡು ಹೋಗುವರು. ಅದು ಸಿಟ್ಟಿನಿಂದಲ್ಲ. ನನಗೆ ಮತ್ತೆ ಹಾಗಾಗಬಾರದು ಎಂದೇ ಅವರು ಮಾಡಿದ್ದು. ನಾನೂ ತಡೆಯಲಿಲ್ಲ. ಜೋಳಿಗೆಯನ್ನು ಒಗೆದು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮಗಳು ಅಂಬೆಗಾಲಿಟ್ಟಳು, ಹಲ್ಲು ಬಂದವು, ಹಾಲು ಬಿಟ್ಟಳು. ಹಾಲು ಬಿಟ್ಟ ಮೇಲೆ ನನ್ನ ಹತ್ತಿರ ಬರಲು ಅವಳಿಗೆ ಕಾರಣವೇ ಇರಲಿಲ್ಲ. ನಾನು ಕೈಚಾಚಿದರೆ ಅಜ್ಜಿಯ ಕುತ್ತಿಗೆ ತಬ್ಬಿಕೊಂಡು ಮುಖ ತಿರುಗಿಸುತ್ತಿದ್ದಳು.

ಹೀಗಿರುವಾಗ ಚನ್ನಗಿರಿಯಿಂದ ಸುದ್ದಿ ಬಂತು. ಅತ್ತೆಯ ಅಣ್ಣನಿಗೆ ಪಾರ್ಶ್ವವಾಯು ಹೊಡೆದು ಮಲಗಿದ್ದಾರೆ, ನೋಡಿಕೊಳ್ಳಲು ಯಾರೂ ಇಲ್ಲ. ಅತ್ತೆ ಮರುದಿನವೇ ಹೊರಟರು. ಕೂಸನ್ನು ಒಯ್ಯುವಂತಿರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಮಗಳು ಅತ್ತಳು, ಮನೆಗೆ ಬಂದೂ ಅತ್ತಳು. ನಾನು ಎತ್ತಿಕೊಂಡರೆ ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತಿದ್ದಳು. ಒಂದು ಕೈಯಲ್ಲಿ ಹಿಡಿದಿಡಲು ಆಗುತ್ತಿರಲಿಲ್ಲ. ಎರಡು ದಿನ ಹೀಗೆಯೇ ಕಳೆಯಿತು. ಅವಳು ಸರಿಯಾಗಿ ಉಣ್ಣಲೂ ಇಲ್ಲ.

ಮೂರನೆಯ ಬೆಳಿಗ್ಗೆ ಗಂಡ ಪೆಟ್ಟಿಗೆ ತೆಗೆದ. ಆ ಕಂದು ಬಟ್ಟೆಯನ್ನು ಕೊಡವಿ ನನ್ನ ಮುಂದೆ ಹಿಡಿದ.

"ಹಾಕ್ಕ."

"ನನ್ನಿಂದ ಆಗಲ್ಲ ರೀ. ಜನ ನೋಡಿದ್ರೆ..."

 ಅವನು ಆ ಬಟ್ಟೆಯ ಉಂಗುರವನ್ನು ತನ್ನ ಕೊರಳಿಗೆ ಹಾಕಿಕೊಂಡ. ಅಳುತ್ತಿದ್ದ ಮಗಳನ್ನು ಒಳಗೆ ಕೂರಿಸಿಕೊಂಡ, ಚಪ್ಪಲಿ ಮೆಟ್ಟಿದ, ಅಂಗಡಿಯ ಕಡೆ ನಡೆದ. ತಮಾಷೆ ಮಾಡುತ್ತಾನೆ, ಬೀದಿಯ ತುದಿಯಿಂದ ವಾಪಸು ಬರುತ್ತಾನೆ ಎಂದುಕೊಂಡೆ. ಬರಲಿಲ್ಲ.

ತಡೆಯಲಾರದೆ ಸ್ವಲ್ಪ ಹೊತ್ತಿನ ಮೇಲೆ ಪೇಟೆಗೆ ಹೋದೆ. ಅಂಗಡಿಯ ಮುಂದೆ ಜನ ಸೇರಿದ್ದರು. ಅವನು ಗಾದಿಯ ಮೇಲೆ ನಿಂತು, ಎದೆಯ ಮೇಲೆ ಕೂಸನ್ನು ಹೊತ್ತು, ಗಜಕಡ್ಡಿಯಿಂದ ಬಟ್ಟೆ ಅಳೆಯುತ್ತಿದ್ದ. ಎದುರಿನ ಕಿರಾಣಿ ಅಂಗಡಿಯವರು, "ಏನ್ರೀ ಸಾಹುಕಾರ್ರೇ, ಬಾಣಂತನ ಈಗ ನಿಮ್ದೇನು?" ಎಂದು ಕೂಗಿದರು. ಎಲ್ಲರೂ ನಕ್ಕರು. ಒಬ್ಬ ರೈತ, "ಹೆಂಡ್ತಿ ಬಿಟ್ಟು ಹೋದ್ಳಾ?" ಅಂದ.

"ಇಲ್ಲೇ ಅದಾಳೆ" ಎಂದ ಗಂಡ. "ಬಟ್ಟೆ ಎಷ್ಟು ತಡೀತೈತೆ ಅಂತ ತೋರಿಸಾಕೆ ಕಟ್ಕಂಡೀನಿ. ಬರ್ರಿ, ನೀವೂ ಎಳೆದು ನೋಡ್ರಿ."

ನಾನು ಜನರ ಹಿಂದೆ ನಿಂತಿದ್ದೆ. ನ್ಯಾಮತಿಯಲ್ಲಿ ಆದದ್ದಕ್ಕಿಂತ ಇದು ಕಷ್ಟವಾಗಿತ್ತು. ಅಲ್ಲಿ ನಾಚಿಕೆ ನನ್ನೊಬ್ಬಳದು. ಇಲ್ಲಿ ನನ್ನ ಕೈಯ ದೆಸೆಯಿಂದ ಅವನು ಪೇಟೆಯ ನಡುವೆ ನಗೆಪಾಟಲಾಗಿದ್ದ. ಯಾರಿಗೂ ಕಾಣದಂತೆ ಹಿಂದಿನ ಓಣಿಯಿಂದ ಮನೆಗೆ ಓಡಿ ಬಂದೆ.

ಸಂಜೆ ಅವನು ಬಂದಾಗ ಜಗಳವಾಡಿದೆ. "ನಿಮ್ಮ ಮಾನ ಹೋದ್ರೆ ಹೋಗ್ಲಿ, ನನ್ನದನ್ನೂ ಬೀದಿಗೆ ತಂದ್ರಲ್ಲ. ಈಗ ಊರಿಗೆಲ್ಲ ಗೊತ್ತಾಯ್ತು, ಇವನ ಹೆಂಡ್ತಿ ಕೈಲಿ ಕೂಸು ಎತ್ತಾಕೆ ಆಗಲ್ಲ ಅಂತ."

ಅವನು ಕಾಲು ತೊಳೆದುಕೊಂಡು ಬಂದು ಕೂತ. "ನಂಗೆ ನಾಚಿಕೆ ಆಗ್ಲಿಲ್ಲ ಅನ್ಕಂಡ್ಯಾ? ಕಿವಿ ಕಾದ ಹಂಚಿನಂಗೆ ಆಗಿದ್ವು. ಒಂದು ಗಿರಾಕಿಗೆ ಅರ್ಧ ಗಜ ಹೆಚ್ಚಿಗೆ ಹರಿದುಕೊಟ್ಟೀನಿ. ಆದ್ರೆ ಕೂಸು ಮಲಗಿದ್ಲು ಕಣೆ. ಎದ್ದು ಅನ್ನ ತಿಂದ್ಲು. ನಾಳೆ ನೀನು ಹಾಕ್ಕಂತೀಯೋ, ನಾನೇ ಹಾಕ್ಕಂಡು ಹೋಗ್ಲೋ?"

ಮರುದಿನ ನಾನೇ ಹಾಕಿಕೊಂಡೆ. ಧೈರ್ಯ ಬಂದು ಹಾಕಿಕೊಂಡಿದ್ದಲ್ಲ. ಅವನು ಮತ್ತೆ ಹಾಗೆ ನಿಲ್ಲುವುದನ್ನು ನೋಡಲಾರದೆ. ಮಗಳು ಮೊದಲು ಒದ್ದಳು, ಕೂದಲು ಎಳೆದಳು. ಬಟ್ಟೆ ಹಿಡಿದಿತ್ತು, ಆದ್ದರಿಂದ ನಾನು ಬೀಳಿಸುತ್ತೇನೆಂಬ ಭಯವಿರಲಿಲ್ಲ. ಒದೆಯಲಿ ಎಂದು ಸುಮ್ಮನೆ ಅಂಗಳದಲ್ಲಿ ಓಡಾಡಿದೆ. ಮಧ್ಯಾಹ್ನದ ಹೊತ್ತಿಗೆ ದಣಿದು ಕೆನ್ನೆ ಒತ್ತಿಕೊಂಡಳು. ವಾರ ಕಳೆಯುವಷ್ಟರಲ್ಲಿ ಬಟ್ಟೆ ಕೈಗೆತ್ತಿಕೊಂಡರೆ ತಾನೇ ಓಡಿ ಬರತೊಡಗಿದಳು.

ಅತ್ತೆ ಬರುವ ಸೂಚನೆ ಕಾಣಲಿಲ್ಲ. ಅವರ ಅಣ್ಣನನ್ನು ನೋಡಿ ಬರದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಮಗಳನ್ನು ಕಟ್ಟಿಕೊಂಡು ನಾನೊಬ್ಬಳೇ ಚನ್ನಗಿರಿಗೆ ಹೊರಟೆ. ಗಂಡನಿಗೆ ಅಂಗಡಿ ಮುಚ್ಚಿ ಬರುವಂತಿರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ನೋಡಿದರು. ಇಳಿದು ಮನೆ ಕೇಳುತ್ತ ಹೋಗುವಾಗ ಬೀದಿಯಲ್ಲಿ ಕೂತವರು ನೋಡಿದರು. ಸೆರಗು ಎಳೆದುಕೊಳ್ಳೋಣವೆಂದರೆ ಬಲಗೈಯಲ್ಲಿ ಹಣ್ಣಿನ ಚೀಲ.  ಹಾಗೆಯೇ ನಡೆದೆ.

ಆ ಮನೆಯ ಪಡಸಾಲೆ ತುಂಬ ಹೆಂಗಸರು. ಅಣ್ಣನನ್ನು ನೋಡಲು ಬಂದ ನೆಂಟರು. ಮದುವೆಯ ದಿನ ನನ್ನನ್ನು ಶಾಲಿನೊಳಗೆ ನೋಡಿದ್ದವರೇ. ನಾನು ಹೊಸ್ತಿಲು ದಾಟಿದ ಕೂಡಲೇ ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ಒಳಗಿನಿಂದ ಬಂದವರು ನನ್ನ ಕೈ ನೋಡಿದರು, ಜೋಳಿಗೆ ನೋಡಿದರು, ಕೂತವರನ್ನು ನೋಡಿದರು. ಅವರ ತಲೆ ತಗ್ಗಿತು. ನಾನು ತಪ್ಪು ಮಾಡಿದೆ, ಬರಬಾರದಿತ್ತು ಅನಿಸಿತು.

ಅತ್ತೆಯ ಚಿಕ್ಕಮ್ಮನ ಮಗಳೊಬ್ಬಳು ಕೇಳಿಯೇಬಿಟ್ಟಳು. "ಅಕ್ಕಾ, ನಿನ್ನ ಸೊಸೆ ಕೈ ಹಿಂಗೈತಾ? ನಮಗೆ ಹೇಳ್ಲೇ ಇಲ್ವಲ್ಲ."

 ಮಗಳು ಅಜ್ಜಿಯನ್ನು ಕಂಡು ಎರಡೂ ಕೈ ಚಾಚಿದಳು. ಅತ್ತೆ ಹತ್ತಿರ ಬಂದು ಅವಳನ್ನು ಜೋಳಿಗೆಯಿಂದ ತೆಗೆದುಕೊಳ್ಳುತ್ತ, ಯಾರ ಕಡೆಗೂ ನೋಡದೆ ಹೇಳಿದರು.

"ಸಣ್ಣಾಕಿ ಇದ್ದಾಗ ಬಿದ್ದು ಮುರ್ಕಂಡಾಳೆ. ಹೇಳಾಕೆ ನಂಗೇ ನಾಚಿಕೆ ಆಗ್ತಿತ್ತು, ಅದಕ್ಕೆ ಹೇಳ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ಬಿಸಿಲಾಗೆ ಒಬ್ಬಳೇ ಬಂದ್ಯಾ? ಕೂಸಿನ ನೆತ್ತಿಗೆ ಬಟ್ಟೆ ಹಾಕಬಾರದಾ?" ಎಂದರು.

 ಅವತ್ತಿನವರೆಗೆ ಅವರ ನಾಚಿಕೆಯನ್ನು ನಾನು ದರ್ಪ ಎಂದುಕೊಂಡಿದ್ದೆ. ಆ ಹೆಂಗಸರು ಆಮೇಲೆ ಹಿಂದಿನಿಂದ ಏನೇನು ಆಡಿಕೊಂಡರೋ ಗೊತ್ತಿಲ್ಲ, ಆಡಿಕೊಂಡೇ ಇರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಮಗಳು ಅಜ್ಜಿಯ ತೊಡೆಯಿಂದ ಇಳಿದು ಬಂದು ನನ್ನ ಸೀರೆಯ ನೆರಿಗೆ ಹಿಡಿದು ನಿಂತಳು. ಅತ್ತೆ ಅದನ್ನು ನೋಡಿ ಎದ್ದು ಒಳಗೆ ಹೋದರು, ನನಗೆ ಊಟಕ್ಕೆ ಎಲೆ ಹಾಕಿದರು.

ಎಂಬತ್ತರ ದಶಕದ ನಡುವೆ ಮಗ ಹುಟ್ಟಿದ. ಈ ಸಲ ಗಂಡ ಅಂಗಡಿಯಿಂದ ಮೆತ್ತನೆಯ ಕೈಮಗ್ಗದ ಬಟ್ಟೆ ಆರಿಸಿ ತಂದ. ಹಳದಿ ಬಣ್ಣ, ಅರ್ಧ ಪೇಟೆಗೆ ಕಾಣುವಂಥದ್ದು. "ಬ್ಯಾರೆ ಬಣ್ಣ ಇರ್ಲಿಲ್ವಾ?" ಎಂದೆ. ಅತ್ತೆಯೇ ಅದನ್ನು ಒಗೆದು ಗಂಜಿ ತೆಗೆದರು. ಅವನನ್ನು ಕಟ್ಟಿಕೊಂಡು ಸಂತೆಗೆ ಹೋದೆ, ಹೊಳೆಗೆ ಹೋದೆ, ಗೋವಿನಕೋವಿಗೆ ನೆಂಟರ ಮನೆಗೂ ಹೋದೆ. ನಾಚಿಕೆ ಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಪ್ರತಿ ಸಲ ಹೊಸ್ತಿಲು ದಾಟುವಾಗ ಬಲಗೈ ತಾನಾಗಿ ಸೆರಗಿಗೆ ಹೋಗುತ್ತಿತ್ತು. ಸೆರಗು ಬಿಟ್ಟು ದಾಟುತ್ತಿದ್ದೆ.

ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಸಂಜೆ ಮಗನನ್ನು ಕಟ್ಟಿಕೊಂಡು ಅವಳನ್ನು ಕರೆತರಲು ಹೋಗುತ್ತಿದ್ದೆ. ಒಂದು ದಿನ ಮನೆಗೆ ಬಂದವಳು ಪಾಟಿಚೀಲ ಕೆಳಗಿಡದೆ ನಿಂತು, "ಅವ್ವಾ, ನಾಳೆಯಿಂದ ನೀನು ಬರಬ್ಯಾಡ" ಅಂದಳು.

"ಯಾಕವ್ವಾ?"

"ಎಲ್ಲರೂ ನೋಡ್ತಾರೆ."

ಅಷ್ಟೇ ಹೇಳಿದಳು. ಅವಳ ಕಿವಿಗಳು ಕೆಂಪಾಗಿದ್ದವು.  ಅವಳಿಗೆ ಏನಾಗುತ್ತಿದೆ ಎಂಬುದು ನನ್ನಷ್ಟು ಇನ್ನಾರಿಗೆ ಗೊತ್ತಾಗಬೇಕು? ಮರುದಿನ ಅತ್ತೆಯನ್ನು ಕಳಿಸಿದೆ. ಅದರ ಮರುದಿನ ಅತ್ತೆಗೆ ಮಂಡಿನೋವು. ಶಾಲೆಯ ಬಾಗಿಲಿಗೆ ಹೋಗದೆ, ಸ್ವಲ್ಪ ಹಿಂದೆ, ಹಿಟ್ಟಿನ ಗಿರಣಿಯ ಮೂಲೆಯಲ್ಲಿ ಮಗನೊಡನೆ ನಿಂತೆ. ಗಂಟೆ ಹೊಡೆಯಿತು. ಅವಳು ಗೆಳತಿಯರ ಜೊತೆ ಬಂದಳು, ನನ್ನನ್ನು ನೋಡಿದಳು, ನೋಡದವಳಂತೆ ಮುಂದೆ ಹೋದಳು. ನಾನು ಕರೆಯಲಿಲ್ಲ. ಸ್ವಲ್ಪ ಅಂತರ ಬಿಟ್ಟು ಹಿಂದೆ ನಡೆದೆ. ಗೆಳತಿಯರು ಒಬ್ಬೊಬ್ಬರೇ ತಮ್ಮ ತಮ್ಮ ಓಣಿಗೆ ತಿರುಗಿದರು. ಕೊನೆಯವಳೂ ಹೋದ ಮೇಲೆ ಮಗಳು ನಿಂತಳು, ನಾನು ಹತ್ತಿರ ಬರುವವರೆಗೆ ಕಾದಳು.  ಪಾಟಿಚೀಲವನ್ನು ನನ್ನ ಬಲಗೈಗೆ ಕೊಟ್ಟು, ಜೊತೆಗೆ ಹೆಜ್ಜೆ ಹಾಕತೊಡಗಿದಳು.